12 ಫೋಟೋ ವಾಪಸ್ ಕೊಟ್ಟವರಿಗೆ

ಬೀದಿ ಹಾಡುಗಾರರ ನನ್ನ ಎರಡು ದಿನದ ಫೋಟೋ ಪ್ರದರ್ಶನ ಮುಗಿಯಿತು, ಮೊನ್ನೆ ಭಾನುವಾರ ಸಂಜೆ ಶಾಲೆಯ ಜಗಲಿಯಿಂದ ಕೊನೆಯ ಫೋಟೋ ಇಳಿಸಿದೆ. ಹಗ್ಗ ಸುತ್ತಿಟ್ಟು, ಕ್ಲಿಪ್ಪುಗಳನ್ನೆಲ್ಲ ಅಮ್ಮನಿಗೆ ವಾಪಸ್ ಕೊಟ್ಟೆ. ಎರಡು ದಿನ ಬಟ್ಟೆ ಒಣಹಾಕಲು ಕ್ಲಿಪ್ಪಿಲ್ಲದೆ ಒದ್ದಾಡಿದ ಅಮ್ಮನಿಗೇ ಮೊದಲ ಥ್ಯಾಂಕ್ಸ್. ಉಳಿದವರಿಗೆ ಹೇಳುವುದು ಸ್ವಲ್ಪ ಜಾಸ್ತಿ ಇದೆ.

ನಂಜನಗೂಡಿನವರಿಗೆ ಬೀದಿಯಲ್ಲಿ ಹಾಡುವವರು ಹೊಸಬರಲ್ಲ. ದೇವಸ್ಥಾನದ ಸುತ್ತ, ಕಪಿಲೆಯ ಸ್ನಾನಘಟ್ಟದಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಯಾರಾದರೊಬ್ಬರು ಸಿಗುತ್ತಾರೆ. ಮಂಟೇಸ್ವಾಮಿ, ಸಿದ್ದಪ್ಪಾಜಿ ಕಥೆ ಹಾಡುವ ತಂಬೂರಿಯವರು. ಮಲೆ ಮಹದೇಶ್ವರ ಮಾದಪ್ಪನ ಹೆಸರಲ್ಲಿ ಕಂಸಾಳೆಯ ಕಂಚಿನ ತಾಳ ಹಿಡಿದ ದೇವರಗುಡ್ಡರು. ಶಂಖ ಜಾಗಟೆಯ ದಾಸಯ್ಯ. ಸ್ಪೀಕರ್ ಇಟ್ಟುಕೊಂಡು ಸಿನಿಮಾ ಹಾಡು ಹೇಳುವ, ಕಣ್ಣು ಕಾಣದ ಗಾಯಕರು. ಇವರ ಮುಖಗಳನ್ನು ತೆಗೆಯುತ್ತ ಹೋದರೆ ಹೇಗೆ ಅಂತ ಶುರುವಾಗಿದ್ದು 3 ವರ್ಷದ ಹಿಂದೆ. ಈಗ 43 ಮುಖಗಳಾಗಿವೆ.

ಶುರುವಿನಲ್ಲಿ ನಾನೂ ಕಳ್ಳನ ಥರವೇ ಇದ್ದೆ. ರಸ್ತೆ ಆಚೆಯಿಂದ ಉದ್ದ ಲೆನ್ಸ್ ಹಾಕಿ ಕ್ಲಿಕ್ಕಿಸಿ ಜಾಗ ಖಾಲಿ ಮಾಡುವುದು. ಮೈಲಾರಲಿಂಗನ ಭಕ್ತರಾದ ಒಬ್ಬ ಗೊರವಯ್ಯ ಹಿಡಿದು ಹಾಕಿದರು. ಕರಡಿ ಕೂದಲಿನ ಟೋಪಿ, ಹೆಗಲ ಮೇಲೆ ಕಂಬಳಿ, ಒಂದು ಕೈಯಲ್ಲಿ ಡಮರುಗ, ಇನ್ನೊಂದರಲ್ಲಿ ಪಿಳ್ಳಂಗೋವಿ. ಸಿಟ್ಟೇನೂ ಮಾಡಲಿಲ್ಲ. "ಎಲ್ರೂ ಹಿಡ್ಕೊಂಡು ಹೋಯ್ತಾರೆ ಕಣಪ್ಪ. ತಂದು ಕೊಟ್ಟೋರ್ನ ನಾನ್ ಕಂಡಿಲ್ಲ" ಅಂದರು, ಅಷ್ಟೇ. ಆ ರಾತ್ರಿ ಫೋಟೋ ನೋಡಿದರೆ ಅದೂ ಕೆಟ್ಟಿತ್ತು. ಮಧ್ಯಾಹ್ನದ ಬಿಸಿಲಲ್ಲಿ ಟೋಪಿಯ ನೆರಳು ಬಿದ್ದು ಕಣ್ಣೇ ಕಾಣುತ್ತಿರಲಿಲ್ಲ, ಮೂಗಿನ ತುದಿ ಮಾತ್ರ ಬೆಳ್ಳಗೆ ಹೊಳೆಯುತ್ತಿತ್ತು.

ಮರುವಾರ ಹುಡುಕಿಕೊಂಡು ಹೋಗಿ ಕೇಳಿದೆ. ನದಿ ಪಕ್ಕದ ಹದಿನಾರು ಕಾಲು ಮಂಟಪದ ನೆರಳಿನ ಅಂಚಿಗೆ ಅವರೇ ಬಂದು ನಿಂತರು. ಬಿಸಿಲು ಹೊರಗೆ ಕಲ್ಲಿನ ಮೇಲೆ ಬಿದ್ದು, ಅಲ್ಲಿಂದ ಮುಖಕ್ಕೆ ಚೆಲ್ಲಿತು. ಆಮೇಲೆ ಹೆಚ್ಚು ಕಡಿಮೆ ಎಲ್ಲರನ್ನೂ ಅದೇ ಥರದ ನೆರಳಿನಲ್ಲಿ ತೆಗೆದೆ. ಒಂದೇ 50 ಎಂಎಂ ಲೆನ್ಸು, ಫ್ಲ್ಯಾಶ್ ಇಲ್ಲ. ಆ ಲೆನ್ಸಿನಲ್ಲಿ ಮುಖ ದೊಡ್ಡದಾಗಿ ಬೇಕೆಂದರೆ ಮಾತಾಡುವಷ್ಟು ಹತ್ತಿರ ಹೋಗಲೇಬೇಕು. ಅದು ಒಳ್ಳೆಯದೇ ಆಯಿತು. ಮೊದಲು ಹಾಡು ಪೂರ್ತಿ ಕೇಳುವುದು, ಹಾಡಿಗೆ ಕೊಡುವುದನ್ನು ಕೊಡುವುದು, ಆಮೇಲೆ ಫೋಟೋ. ಎಂಟು ಹನ್ನೆರಡರ ಒಂದು ಪ್ರಿಂಟ್ ಅವರ ಕೈಗೆ ತಲುಪುವವರೆಗೆ ಆ ಫೋಟೋ ನನ್ನ ಲೆಕ್ಕಕ್ಕಿಲ್ಲ.

ಈ ಪ್ರಿಂಟುಗಳ ವಿಷಯಕ್ಕೆ ನಮ್ಮ ಬೀದಿಯ ಸ್ಟುಡಿಯೋ ಅಣ್ಣನಿಗೆ ಋಣಿ. ಸಾಲ ಬರೆದುಕೊಂಡು ಪ್ರಿಂಟ್ ಹಾಕಿಕೊಟ್ಟರು. ಮಳೆಗೆ ಸೋರುವ ಮನೆಗಳಿಗೆ ಹೋಗುವ ಫೋಟೋ ಅಂತ ಕೇಳದೆಯೇ ಲ್ಯಾಮಿನೇಷನ್ ಮಾಡಿಸಿದರು. ದೇವಸ್ಥಾನದ ಹಿಂದಿನ ಟೀ ಅಂಗಡಿಯ ಅಕ್ಕ ಪೋಸ್ಟ್ ಮ್ಯಾನ್ ಕೆಲಸ ಮಾಡಿದರು. ಊರೂರು ತಿರುಗುವವರಿಗೆ ವಿಳಾಸ ಎಲ್ಲಿಂದ ತರುವುದು? ಫೋಟೋ ಅಂಗಡಿಯಲ್ಲಿ ಬಿಟ್ಟರೆ, ಅವರು ಟೀಗೆ ಬಂದಾಗ ತಲುಪುತ್ತಿತ್ತು.

ಬಸ್ ಸ್ಟ್ಯಾಂಡಿನ ಗಾಯಕರೊಬ್ಬರಿಗೆ ಮಾತ್ರ ಫೋಟೋ ಕೊಡಲು ಮುಜುಗರವಾಗಿತ್ತು. ಕಣ್ಣು ಕಾಣದವರಿಗೆ ಇದನ್ನು ಕೊಟ್ಟು ಏನು ಹೇಳುವುದು? ಅವರಿಗೆ ಆ ತೊಂದರೆಯೇ ಇರಲಿಲ್ಲ. "ಕೂಲಿಂಗ್ ಗ್ಲಾಸ್ ಹಾಕಿರೋದಾ, ತೆಗೆದಿರೋದಾ?" ಅಂತ ಕೇಳಿದರು. ತೆಗೆದಿರೋದು ಅಂದೆ. "ಬೇಡ ಸಾರ್, ಹಾಕಿರೋದು ತೆಗೀರಿ, ಮಗಳು ಸ್ಕೂಲಲ್ಲಿ ತೋರಿಸ್ತಾಳೆ" ಅಂದರು. ಇನ್ನೊಂದು ತೆಗೆದೆ. ಮೈಕು ಎಷ್ಟು ಕಾಣ್ತದೆ, ಶರ್ಟ್ ಯಾವುದು, ನಗ್ತಿದ್ದೀನಾ ಎಂದು ವಿಚಾರಿಸಿಕೊಂಡೇ ಅದನ್ನು ಒಪ್ಪಿದರು. ಮೊದಲನೆಯದನ್ನು ನಾನು ಎಲ್ಲೂ ಹಾಕಿಲ್ಲ. ಫೋಟೋ ಆಗಿ ಅದೇ ಚೆನ್ನಾಗಿದೆ ಅಂತ ಇವತ್ತಿಗೂ ಅನ್ನಿಸುತ್ತದೆ, ಸುಳ್ಳು ಯಾಕೆ ಹೇಳಲಿ.

ಕಳೆದ ವರ್ಷ ಹಾರ್ಡ್ ಡಿಸ್ಕ್ ಮೇಜಿನಿಂದ ಬಿತ್ತು. ತಪ್ಪು ಪೂರ್ತಿ ನನ್ನದು. ಇನ್ನೊಂದು ಕಾಪಿ ಇಟ್ಟಿರಲಿಲ್ಲ. ಮೈಸೂರಿನ ಇಬ್ಬರು ರಿಪೇರಿಯವರು ನೋಡಿ ಕೈಚೆಲ್ಲಿದರು. ಮೊದಲ 17 ಜನರ ಫೋಟೋ ಹೋಯಿತು. ಒಂದು ತಿಂಗಳು ಕ್ಯಾಮೆರಾ ಮುಟ್ಟಲಿಲ್ಲ. ಟೀ ಅಂಗಡಿ ಅಕ್ಕನೇ ಕೇಳಿದರು: "ಹೋಯ್ತು ಹೋಯ್ತು ಅಂತೀಯಲ್ಲ, ಅವರ ಮನೇಲಿ ಇಲ್ವಾ?"

ಇತ್ತು! ಅಲ್ಲಿಂದ ನಾನು ಮನೆಮನೆಗೆ ಹೋಗಿ ಕೇಳಿಕೊಳ್ಳುವವನಾದೆ. ಚಾಮರಾಜನಗರದ ಕಡೆ ಎರಡು ಹಳ್ಳಿ, ಆಮೇಲೆ ಕೊಳ್ಳೇಗಾಲದ ಆಚೆ. ಬನದ ಹುಣ್ಣಿಮೆಗೆ ಚಿಕ್ಕಲ್ಲೂರು ಜಾತ್ರೆಗೂ ಹೋದೆ. ಚಂದ್ರಮಂಡಲ ಹೊತ್ತಿಸುವ ರಾತ್ರಿ ಅಷ್ಟು ಜನರ ನಡುವೆ ಒಬ್ಬ ನೀಲಗಾರರು, ಅಂದರೆ ಮಂಟೇಸ್ವಾಮಿ ಕಥೆ ಹಾಡುವ ತಂಬೂರಿಯವರು, ನನ್ನನ್ನೇ ಗುರುತು ಹಿಡಿದು ಕರೆದರು. ಅವರ ಫೋಟೋ ಜೋಳಿಗೆಯಲ್ಲೇ ಇತ್ತು, ನಾಲ್ಕು ಮಡಿಕೆಯಾಗಿ. ದೇವರಗುಡ್ಡರ ಮನೆಯಲ್ಲಿ ಮಾದಪ್ಪನ ಪಟದ ಪಕ್ಕ ಅವರದು, ಅಂಚಿನಲ್ಲಿ ಊದುಬತ್ತಿ ಸುಟ್ಟ ಗುರುತು, ಹಣೆಗೆ ಕುಂಕುಮ. ಗೊರವಯ್ಯನ ಫೋಟೋವನ್ನು ಬಾಗಿಲ ಬಳಿ ನೆಲಕ್ಕಿಟ್ಟು ಮೇಲಿಂದ ಅದರದೇ ಫೋಟೋ ತೆಗೆಯಲು ಹೋದರೆ, ಲ್ಯಾಮಿನೇಷನ್ ಮೇಲೆ ಬರೀ ಬೆಳಕಿನ ಹೊಳಪು. ಅವರೇ ಕಂಬಳಿ ಬಿಚ್ಚಿ ಅಡ್ಡ ಹಿಡಿದರು. ಕಪ್ಪು ಬಟ್ಟೆ ಎದುರಿಗಿದ್ದರೆ ಹೊಳಪು ಬರುವುದಿಲ್ಲ. ಅದು ನನಗೇ ಹೊಳೆದಿರಲಿಲ್ಲ.

ತಂಬೂರಿ ಅಜ್ಜ ಒಬ್ಬರು ಅಷ್ಟರಲ್ಲಿ ತೀರಿಕೊಂಡಿದ್ದರು. ನಾನು ತೆಗೆದ ಫೋಟೋಕ್ಕೇ ಮನೆಯವರು ಹಾರ ಹಾಕಿದ್ದರು. ಫ್ರೇಮಿಗೆ ಕೂರಿಸಲು ತಂಬೂರಿಯನ್ನೂ ಗಗ್ಗರ ಹಿಡಿದ ಕೈಯನ್ನೂ ಕತ್ತರಿಸಿ ತೆಗೆದಿದ್ದರು. ಆ ಬೆರಳುಗಳಿಗಾಗಿಯೇ ನಾನು ಆ ಫೋಟೋ ತೆಗೆದದ್ದು. "ಮುಖ ಕಂಡ್ರೆ ಸಾಕಲ್ವಾ ಸಾರ್" ಅಂದರು ಮಗ. ನಾನು ಏನೂ ಹೇಳಲಿಲ್ಲ. ಪ್ರದರ್ಶನಕ್ಕೆ ಎರಡು ದಿನದ ಮಟ್ಟಿಗೆ ಗೋಡೆಯಿಂದ ಇಳಿಸಿ, ಹಾರದ ಸಮೇತ ತಂದು ಕೊಟ್ಟ ಆ ಮನೆಯವರಿಗೆ ಯಾವ ಮಾತಿನಲ್ಲಿ ಧನ್ಯವಾದ ಹೇಳಲಿ?

ಹೀಗೆ 17ರಲ್ಲಿ 12 ವಾಪಸ್ ಬಂದವು. ಮಡಿಕೆ, ಕುಂಕುಮ, ಸುಟ್ಟ ಗುರುತು ಯಾವುದನ್ನೂ ಕಂಪ್ಯೂಟರಿನಲ್ಲಿ ಅಳಿಸಿಲ್ಲ. ಉಳಿದವರಲ್ಲಿ ನಾಲ್ವರು ಮತ್ತೆ ಸಿಕ್ಕರು, ಮತ್ತೆ ಕೂತರು. ಜಗಲಿ ಬಿಟ್ಟುಕೊಟ್ಟ ಮೇಷ್ಟ್ರಿಗೆ, ಹಗ್ಗ ಕಟ್ಟಿದ ಏಳನೇ ಕ್ಲಾಸಿನ ಮಕ್ಕಳಿಗೆ, ಥರ್ಮೋಕೋಲ್ ಹಾಳೆಯನ್ನು ರಿಫ್ಲೆಕ್ಟರ್ ಅಂತ ಹೊತ್ತು ತಿರುಗಿದ ತಂಗಿಗೆ ವಂದನೆ. ತಮ್ಮ ಫೋಟೋ ಕೆಳಗೇ ನಿಂತು ಅರ್ಧ ಗಂಟೆ ಹಾಡಿದ ಕೂಲಿಂಗ್ ಗ್ಲಾಸ್ ಗಾಯಕರಿಗೂ.

ಒಬ್ಬರು ಬಾಕಿ ಇದ್ದಾರೆ. ಮೊದಲ ವರ್ಷ ದೊಡ್ಡ ಜಾತ್ರೆಗೆ ದೂರದಿಂದ ಬಂದಿದ್ದ ಕಿನ್ನರಿ ಜೋಗಿ. ಕೆಂಪು ರುಮಾಲು, ಮೂರು ಸೋರೆ ಬುರುಡೆಯ ಕಿನ್ನರಿ ವಾದ್ಯ, ಅರ್ಜುನ ಜೋಗಿಯ ಕಥೆ ಹಾಡುತ್ತಿದ್ದರು. ಅವರ ಪ್ರಿಂಟ್ ತಲುಪಿಸುವ ಮೊದಲೇ ಹೊರಟುಹೋಗಿದ್ದರು. ನಿಮ್ಮೂರ ಸಂತೆಯಲ್ಲೋ ಜಾತ್ರೆಯಲ್ಲೋ ಕಂಡರೆ ದಯವಿಟ್ಟು ಹೇಳಿ. ಫೋಟೋ ಟೀ ಅಂಗಡಿಯಲ್ಲಿ, ಸಕ್ಕರೆ ಡಬ್ಬದ ಹಿಂದೆ ಇದೆ.