ಫ್ರೀಜರ್‌ನಲ್ಲಿಟ್ಟ ಬಂಗುಡೆಯೂ ಕೆಡುತ್ತದೆ

ಮಾನ್ಯ ಸಂಪಾದಕರೇ,

ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆ ನಿಷೇಧ. ಆಗ ಮಾರುಕಟ್ಟೆಗೆ ಬರುವುದು ಬಹುಪಾಲು ಶೈತ್ಯಾಗಾರದ ಮೀನು. ಮೈನಸ್ 18 ಡಿಗ್ರಿಯಲ್ಲಿ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ ನಿಜ, ಆದರೆ ಎಲ್ಲವೂ ಸಾಯುವುದೂ ಇಲ್ಲ. ಕರಗಿ ಬೆಚ್ಚಗಾದೊಡನೆ ಮತ್ತೆ ಹೆಚ್ಚುತ್ತವೆ.

ಬಂಗುಡೆ, ಬೂತಾಯಿಯಂಥ ಜಿಡ್ಡಿನ ಮೀನಿನಲ್ಲಿ ಇನ್ನೊಂದು ತೊಂದರೆ. ಕೊಬ್ಬು ಗಾಳಿಗೆ ತಾಗಿ ಹೊಟ್ಟೆಯ ಭಾಗ ಹಳದಿಗೆ ತಿರುಗುತ್ತದೆ, ಸಾರಿಗೆ ಹಾಕಿದರೆ ಹಳೇ ಎಣ್ಣೆಯ ಕಮಟು ವಾಸನೆ. ಇದನ್ನು ಚಳಿ ನಿಧಾನಿಸುತ್ತದೆ, ನಿಲ್ಲಿಸುವುದಿಲ್ಲ. ಹೆಪ್ಪುಗಟ್ಟಿದ ಮೀನನ್ನು ಐಸ್‌ನೀರಿನಲ್ಲಿ ಅದ್ದಿ ತೆಗೆದರೆ ಮೇಲೆ ಗಾಜಿನಂಥ ತೆಳು ಪದರ ಕೂರುತ್ತದೆ. ಬಳಿಕ ಗಾಳಿಯಾಡದಂತೆ ಕಟ್ಟಿಟ್ಟು ಎರಡು ತಿಂಗಳೊಳಗೆ ಮುಗಿಸುವುದು ಒಳ್ಳೆಯದು.

ಹೆಚ್ಚು ಆತಂಕದ್ದು ಹಿಸ್ಟಮಿನ್ ಎಂಬ ವಿಷಕಾರಿ ರಾಸಾಯನಿಕ. ದೋಣಿಯಲ್ಲೋ ಬಂದರಿನ ದಕ್ಕೆಯಲ್ಲೋ ಐಸಿಲ್ಲದೆ ಬಿದ್ದ ಬಂಗುಡೆಯಲ್ಲಿ ಇದು ಹುಟ್ಟುತ್ತದೆ. ತಿಂದವರ ಮುಖ ಕೆಂಪಾಗಿ ತಲೆನೋವು, ತುರಿಕೆ ಬರುತ್ತದೆ. ಆಮೇಲೆ ಫ್ರೀಜ್ ಮಾಡಿದರೂ ಕುದಿಸಿದರೂ ಅದು ಹೋಗದು. ಹಾಗಾಗಿ ಹಿಡಿದ ಕೂಡಲೇ ಮೀನಿನಷ್ಟೇ ತೂಕದ ಐಸ್ ಹಾಕಲೇಬೇಕು.

ಮನೆಯಲ್ಲಿ ಮೀನನ್ನು ಹಿಂದಿನ ರಾತ್ರಿಯೇ ಫ್ರಿಜ್‌ನ ಕೆಳತಟ್ಟಿಗೆ ಇಳಿಸಿ ಕರಗಿಸಿ, ಉಳಿದದ್ದನ್ನು ಮತ್ತೆ ಫ್ರೀಜ್ ಮಾಡಬೇಡಿ. ಬಿಡಿಯಾಗಿ ಮಾರುವ ಮೀನಿಗೂ ಫ್ರೀಜ್ ಮಾಡಿದ ದಿನಾಂಕದ ಚೀಟಿ ಕಡ್ಡಾಯವಾಗಲಿ.

– ಓದುಗರು, ಮಂಗಳೂರು