ಅಂಗಡಿಗೆ ಐದು ವರ್ಷ, ಅಣ್ಣನಿಗೊಂದು ನಮಸ್ಕಾರ

ದಾವಣಗೆರೆ ನಿಟ್ಟುವಳ್ಳಿಯ ನಮ್ಮ ಇನ್ವರ್ಟರ್-ಬ್ಯಾಟರಿ ರಿಪೇರಿ ಅಂಗಡಿಗೆ ಈ ಸೋಮವಾರ ಐದು ವರ್ಷ ತುಂಬಿತು.

ಮೊಬೈಲ್ ಟವರ್ ಕೆಲಸ ಹೋದ ಕಥೆ ನಿಮಗೆಲ್ಲ ಗೊತ್ತೇ ಇದೆ. 2016ರ ನಂತರ ದರದ ಪೈಪೋಟಿ ತಾಳಲಾರದೆ ಕೆಲವು ಮೊಬೈಲ್ ಕಂಪನಿ ಮುಚ್ಚಿದವು, ಕೆಲವು ಒಂದಕ್ಕೊಂದು ಸೇರಿಕೊಂಡವು. ಎರಡು ಕಂಪನಿ ಒಂದಾದ ಮೇಲೆ ಒಂದೇ ಊರಲ್ಲಿ ಎರಡು ಟವರ್ ಯಾಕೆ ಬೇಕು, ಅಲ್ವಾ? ಒಂದನ್ನು ನಿಲ್ಲಿಸುತ್ತಾರೆ. ಅದನ್ನು ನಂಬಿದ ಟೆಕ್ನಿಷಿಯನ್, ವಾಚ್‌ಮನ್, ಡೀಸೆಲ್ ಹಾಕುವವರು ಮನೆಗೆ. ಬಿಎಸ್‌ಎನ್‌ಎಲ್‌ನಲ್ಲೂ 78 ಸಾವಿರಕ್ಕೂ ಜಾಸ್ತಿ ಜನ 2020ರ ಜನವರಿ 31ರಂದು ಒಟ್ಟಿಗೆ ವಿಆರ್‌ಎಸ್ (ಸ್ವಯಂ ನಿವೃತ್ತಿ) ಮೇಲೆ ಹೊರಬಂದರು. ಗುತ್ತಿಗೆಯವರಾದ ನಮಗೆ ವಿಆರ್‌ಎಸ್ ಎಲ್ಲಿಂದ ಬರಬೇಕು? ಒಂದು ಫೋನ್ ಬಂತು, ಅಷ್ಟೇ.

ಆ ಸಂಜೆ ಮನೆಗೆ ಹೋಗಲು ಮುಖ ಇರಲಿಲ್ಲ. ಹೊಳಲ್ಕೆರೆ ಕಡೆಯ ಗುಡ್ಡದ ಸೈಟಿಗೆ ಹೋಗಿ ಕೂತೆ. ಟವರ್ ಏಣಿಯನ್ನೇ ನೋಡುತ್ತಿದ್ದೆ. ಕೆಲಸಕ್ಕಾಗಿ ಅಲ್ಲ. ಇದನ್ನು ಇವತ್ತೇ ಮೊದಲು ಹೇಳುತ್ತಿರುವುದು.

ಒಂಬತ್ತು ಗಂಟೆಗೆ ನಮ್ಮ ಡೀಸೆಲ್ ಗಾಡಿಯ ಅಣ್ಣ ಬಂದರು. ಜನರೇಟರಿಗೆ ಡೀಸೆಲ್ ಹಾಕಿದರು. ನನ್ನ ಮುಖ ನೋಡಿದರು. ಏನೂ ಕೇಳಲಿಲ್ಲ. ನನ್ನ ಹೆಂಡತಿಗೆ ಫೋನ್ ಮಾಡಿ, "ಸೈಟಲ್ಲಿ ಕೆಲಸ ಐತಮ್ಮ, ಬೆಳಿಗ್ಗೆ ನಾನೇ ಕರ್ಕೊಂಡು ಬರ್ತೀನಿ" ಅಂದರು. ಆಮೇಲೆ ನನಗೆ, "ಮೀಟರ್ ತಗೊ. ಸೆಲ್ ನೋಡು, ನಾನು ಬರ್ಕೊಂತೀನಿ" ಅಂದರು.

ಟವರಿನ ಬ್ಯಾಟರಿ 48 ವೋಲ್ಟಿನದು, ಎರಡೆರಡು ವೋಲ್ಟಿನ 24 ಸೆಲ್. ಒಂದೊಂದಕ್ಕೂ ಮೀಟರ್ ಹಿಡಿದು ಓದಿದೆ. 2.25. 2.24. ಟಾರ್ಚನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಡೀಸೆಲ್ ರಸೀದಿಯ ಹಿಂದೆ ಅವರು ಬರೆದರು. ಮುಗಿದ ಮೇಲೆ, "ಇನ್ನೊಂದ್ಸಲ ನೋಡು" ಅಂದರು. ಹದಿನೇಳನೆಯದು ವೀಕ್ ಇತ್ತು. ಅದನ್ನು ಬದಲಾಯಿಸುವವರು ಯಾರೂ ಇಲ್ಲ ಅಂತ ಇಬ್ಬರಿಗೂ ಗೊತ್ತಿತ್ತು. ಅಲ್ಲಿ ಅತ್ತುಬಿಟ್ಟೆ. ಅವರು ನನ್ನ ಬೆನ್ನ ಮೇಲೆ ಕೈ ಇಟ್ಟು ಸುಮ್ನೆ ಕೂತರು, ಬೆಳಗಾಗುವ ತನಕ.

ಅದೇ ದಿನ ಅವರ ಕೆಲಸವೂ ಹೋಗಿತ್ತು. ನನಗೆ ಗೊತ್ತಾಗಿದ್ದು ತಿಂಗಳ ಮೇಲೆ.

ಬಳೆ ಅಡ ಇಟ್ಟ ಹೆಂಡತಿಗೆ, ಅಡ್ವಾನ್ಸ್ ಕೇಳದೆ ಮಳಿಗೆ ಕೊಟ್ಟ ಯಜಮಾನರಿಗೆ, ಮೊದಲ ಗಿರಾಕಿಗಳನ್ನು ಕಳಿಸಿದ ಹಳೇ ಟವರ್ ಗೆಳೆಯರಿಗೆ ಕೈ ಮುಗಿಯುತ್ತೇನೆ.

ಅಣ್ಣ ಈಗ ಊರಲ್ಲಿ ಅಡಿಕೆ ತೋಟ ನೋಡಿಕೊಳ್ಳುತ್ತಾರೆ. ಅವರ ಹತ್ತಿರ ಇರುವುದು ಬಟನ್ ಫೋನ್. ಭಾನುವಾರ ಹೋಗಿ ಇದನ್ನು ನಾನೇ ಓದಿ ಹೇಳುತ್ತೇನೆ. ಆ ರಸೀದಿಯನ್ನೂ ಒಯ್ಯುತ್ತೇನೆ. ಹದಿನೇಳರ ಸುತ್ತ ಅವರು ಎಳೆದ ಗುಂಡನೆಯ ಗೆರೆ ಇನ್ನೂ ಕಾಣುತ್ತದೆ.