ಹಳೆಯ ನಕ್ಷೆಗಳನ್ನೂ ಉಳಿಸಿಕೊಳ್ಳಿ

ಮಾನ್ಯ ಸಂಪಾದಕರೇ,

ಕೆನಡಾದ ಪ್ರೈರಿ ಬಯಲು ಬರೀ ಏಕತಾನವೆಂಬ ಮಾತನ್ನು ಅಲ್ಲಿನ ಹಳೆಯ ಭೂಲಕ್ಷಣ ನಕ್ಷೆಗಳನ್ನು ಬಿಡಿಸಿ ನೋಡಿದವರು ಒಪ್ಪಲಾರರು. 1871ರಲ್ಲಿ ಆರಂಭವಾದ ಭೂಮಾಪನವು ನೆಲವನ್ನು ಆರು ಮೈಲಿ ಉದ್ದಗಲದ ಟೌನ್‌ಶಿಪ್‌ಗಳಾಗಿಯೂ, ಪ್ರತಿಯೊಂದನ್ನೂ ತಲಾ 640 ಎಕರೆಯ 36 ಸೆಕ್ಷನ್‌ಗಳಾಗಿಯೂ ವಿಂಗಡಿಸಿತು. ಇಂಚಿಗೆ ಮೂರು ಮೈಲಿ ಪ್ರಮಾಣದ ಹಾಳೆಗಳಲ್ಲಿ ಆ ಚೌಕಗಳನ್ನು ಲೆಕ್ಕಿಸದೆ ಹರಿಯುವ ಹೊಳೆಗಳೂ ಕಾಣುತ್ತವೆ. ಉತ್ತರಕ್ಕೆ ಹೋದಂತೆ ರೇಖಾಂಶಗಳು ಹತ್ತಿರವಾಗುವುದರಿಂದ, ನೆಟ್ಟಗೆ ಬಂದ ರಸ್ತೆ ಚೌಕಗಳ ಸಾಲನ್ನು ಮತ್ತೆ ಸರಿಹೊಂದಿಸುವ ತಿದ್ದುಪಡಿ ರೇಖೆಯ ಬಳಿ ತಟ್ಟನೆ ಪಕ್ಕಕ್ಕೆ ಸರಿದು ಮುಂದುವರಿಯುವುದು ನನಗಂತೂ ಬಲು ಸೊಗಸಾಗಿ ತೋರುತ್ತದೆ. ರೈಲುಹಳಿ ಕಿತ್ತ, ಧಾನ್ಯ ತುಂಬಿಡುವ ಎತ್ತರದ ಕಟ್ಟಡವಾದ ಎಲಿವೇಟರ್ ಉರುಳಿದ, ಶಾಲೆ ಮುಚ್ಚಿದ ಊರುಗಳು ಒಮ್ಮೆ ಹೇಗಿದ್ದವೆಂಬುದಕ್ಕೆ ಇಂಥ ಹಾಳೆಗಳೇ ಸಾಕ್ಷಿ. ಆದ್ದರಿಂದ ಗ್ರಂಥಾಲಯಗಳು ಇತ್ತೀಚಿನ ಆವೃತ್ತಿಯನ್ನಷ್ಟೇ ಇಟ್ಟುಕೊಂಡು ಹಿಂದಿನವನ್ನು ವಿಲೇವಾರಿ ಮಾಡದೆ, ಎಲ್ಲವನ್ನೂ ಪ್ರಕಟಣೆಯ ವರ್ಷಸಹಿತ ಕಾಪಾಡಬೇಕು.

– ಓರ್ವ ಓದುಗ